ಮುಸುರಿ ಡಬ್ಬಿಯೊಳಗಿನ ಗಾಜು

ಆ ವರ್ಷ ನನ್ನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಹುಬ್ಬಳ್ಳಿಯ ಕಾಲೇಜಿನಲ್ಲಿ ಪಿ.ಯು.ಸಿ. ನಪಾಸಾಗಿ ಊರಿಗೆ ಬಂದಿದ್ದೆ. ಊರು ಅಂದರೆ ಕುಂದಗೋಳ, ಸಂಶಿಗಳ ಕಡೆಯ ಒಂದು ಸಣ್ಣ ಪೇಟೆ, ಹೆಸರು ಬೇಡ. ಅವ್ವ ಇರಲಿಲ್ಲ. ಅಪ್ಪ ಶಾಲೆಯ ಹೆಡ್‌ಮಾಸ್ತರಿಕೆ ಮುಗಿಸಿ ನಿವೃತ್ತರಾಗಿದ್ದರು. ಅಣ್ಣ ದಿನಾ ರೈಲು ಹಿಡಿದು ಹುಬ್ಬಳ್ಳಿಯ ಆಫೀಸಿಗೆ ಹೋಗಿ ಬರುತ್ತಿದ್ದ. ಹಗಲೆಲ್ಲ ಮನೆಯಲ್ಲಿ ಅಣ್ಣನ ಹೆಂಡತಿ ವೈನಿ, ನಾನು ಮತ್ತು ಅಪ್ಪನ ರೇಡಿಯೋ. ಅಡಿಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಹಿತ್ತಲಕ್ಕೆ ದಿನಕ್ಕೆಷ್ಟು ಸಲ ಓಡಾಡುತ್ತಿದ್ದೆನೋ. ಒಂದು ಪುಸ್ತಕ ತೆರೆದರೆ ಎರಡು ಪುಟಕ್ಕೆ ಮುಚ್ಚುತ್ತಿದ್ದೆ. ಅರಿವೆ ಒಗೆಯಲು ಕೂತರೆ ಅರ್ಧಕ್ಕೆ ಎದ್ದು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಅಲ್ಲಿ ನೋಡುವಂಥದ್ದು ಏನೂ ಇರುತ್ತಿರಲಿಲ್ಲ.

ಒಂದು ದಿನ ಮುಂಜಾನೆ ಮುನ್ಸಿಪಾಲ್ಟಿಯ ಸ್ಯಾನಿಟರಿ ಇನ್ಸ್‌ಪೆಕ್ಟರು ಮನೆಗೆ ಬಂದರು. ಅಪ್ಪನ ಕೈಯಲ್ಲಿ ಕಲಿತವರಾದ್ದರಿಂದ, ಕುರ್ಚಿ ತೋರಿಸಿದರೂ ಕೂಡಲಿಲ್ಲ.

"ಸರ್, ಊರಾಗ ಗೊಬ್ಬರದ ಸ್ಕೀಮ್ ಬಂದೈತ್ರಿ. ಮನಿ ಮನಿ ಅಡಿಗಿಮನಿ ಕಸ ಬ್ಯಾರೆ ಮಾಡಿಸಿ, ತಗ್ಗಿನ್ಯಾಗ ಹಾಕಿ, ಕೊಳಿಸಿ ಕಂಪೋಸ್ಟ್ ಮಾಡೂದು. ನಾವು ಗಂಡಸರು ಹೋಗಿ ಹೇಳಿದ್ರ ಹೆಣ್ಮಕ್ಕಳು ಬಾಗಲಾ ಹಾಕ್ಕೋತಾರ. ಓದಿದ ಹುಡಿಗಿ ಒಬ್ಬಾಕಿ ಬೇಕಾಗ್ಯಾಳ್ರಿ, ಆರು ತಿಂಗಳ ಮಟ್ಟಿಗೆ."

ಅಪ್ಪ ನನ್ನ ಕಡೆ ನೋಡಿದರು. ಅವರು ಬಾಯಿ ತೆಗೆಯುವ ಮೊದಲೇ ನಾನು "ನಾ ಹೋಗ್ತೀನಿ" ಅಂದೆ. ಒಳಗೆ ವೈನಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ಕೆಲಸ ಹೇಳಲಿಕ್ಕೆ ಸರಳವಾಗಿತ್ತು. ಪ್ರತಿ ಮನೆಯಲ್ಲಿ ಎರಡು ಡಬ್ಬಿ ಇಡಿಸಬೇಕು. ಒಂದರಲ್ಲಿ ಕಾಯಿಪಲ್ಲೆಯ ಸಿಪ್ಪೆ, ಚಹಾದ ಚರಟ, ಉಂಡು ಉಳಿದ ಮುಸುರಿ. ಇನ್ನೊಂದರಲ್ಲಿ ಗಾಜು, ತಗಡು, ಒಡೆದ ಬಳೆ, ಹರಕು ಅರಿವೆ. ಮುಂಜಾನೆ ಕೈಗಾಡಿ ಬಂದಾಗ ಎರಡನ್ನೂ ಬೇರೆ ಬೇರೆ ಸುರಿಯಬೇಕು. ಕೆರೆಯ ದಾರಿಗೆ ಬಯಲಿನಲ್ಲಿ ನಾಲ್ಕು ತಗ್ಗು ತೋಡಿದ್ದರು. ನನಗೆ ಮೂರು ಓಣಿಗಳನ್ನು ಒಪ್ಪಿಸಿ, ಹಳದಿ ಕಾಗದದ ಮೇಲೆ ಅಚ್ಚಾದ ಒಂದು ಕರಪತ್ರ ಕೊಟ್ಟರು. ನಾನು ಅದನ್ನು ಬಾಯಿಪಾಠ ಮಾಡಿದೆ. ಪರೀಕ್ಷೆಗೆ ಅಷ್ಟು ಓದಿದ್ದರೆ ಪಾಸಾಗುತ್ತಿದ್ದೆ.

ಮೊದಲ ದಿನ ರೈತರ ಓಣಿಗೆ ಹೋದೆ. ಒಂದು ಮನೆಯ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದ ಕಾಕಾ ನನ್ನ ಭಾಷಣವನ್ನು ಕೊನೆಯವರೆಗೂ ಕೇಳಿ, ಹೆಂಡತಿಯನ್ನು ಕೂಗಿ ಕರೆದರು.

"ಬಾ ಇಲ್ಲೆ, ಕೇಳು. ಮಾಸ್ತರ ಮಗಳು ನಮಗ ತಿಪ್ಪಿ ಮಾಡೂದು ಕಲಸಾಕ ಬಂದಾಳ!"

ಇಬ್ಬರೂ ನಕ್ಕರು. ಬೈಗುಳದ ನಗೆಯಲ್ಲ ಅದು, ನಿಜವಾಗಿ ನಗೆ ಬಂದಿತ್ತು ಅವರಿಗೆ. ಅವರ ಮನೆಯಲ್ಲಿ ಸಿಪ್ಪೆ ಎಮ್ಮೆಗೆ ಹೋಗುತ್ತಿತ್ತು, ಮುಸುರಿ ದನದ ಕಲಗಚ್ಚಿಗೆ ಹೋಗುತ್ತಿತ್ತು, ಉಳಿದದ್ದು ಹಿತ್ತಲ ತಿಪ್ಪೆಗೆ. ಚೆಲ್ಲುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಕಸ ಇದ್ದದ್ದು ನಮ್ಮಂಥವರ ಓಣಿಯಲ್ಲಿ: ಮಾಸ್ತರರು, ಕಾರಕೂನರು, ದನ ಕಟ್ಟದವರು, ಎಲ್ಲವನ್ನೂ ಗಟಾರಕ್ಕೆ ಚೆಲ್ಲಿ ಬಾಗಿಲು ಹಾಕಿಕೊಳ್ಳುವವರು.

ನಮ್ಮ ಓಣಿಯಲ್ಲಿ ಯಾರೂ ನಗಲಿಲ್ಲ, ಆದರೆ ಯಾರೂ ಕೇಳಲೂ ಇಲ್ಲ. ಮಡಿಯಲ್ಲಿದ್ದ ಒಬ್ಬ ಅಜ್ಜಿ ಹೊಸ್ತಿಲೊಳಗೆ ದೂರ ನಿಂತೇ ವಾದಿಸಿದರು. "ಹಸಿ ಸಿಪ್ಪಿನ್ಯಾಗ ಮುಸುರಿ ಹಾಕ್ಲಿಕ್ಕೆ ಬರ್ತದೇನವಾ? ಅಡಿಗಿಮನ್ಯಾಗ ಮುಸುರಿ ಡಬ್ಬಿ ಇಟಗೊಂಡು ನಾ ನೈವೇದ್ಯಕ್ಕ ಇಡ್ಲೇನು?" ಡಬ್ಬಿಯನ್ನು ಹಿತ್ತಲಲ್ಲಿ ಇಡಿರಿ ಅಂದೆ. ನಾಯಿ ಬರ್ತಾವ ಅಂದರು. ಮುಚ್ಚಳ ಹಾಕಿರಿ ಅಂದೆ. ಮುಚ್ಚಳ ನೀ ಕೊಡ್ತೀಯೇನು ಅಂದರು. ಮರುದಿನ ನಮ್ಮ ಮನೆಯದೇ ಒಂದು ಹಳೆಯ ತಾಟು ಒಯ್ದು ಕೊಟ್ಟೆ. ವೈನಿ ಎರಡು ದಿನ ಆ ತಾಟು ಹುಡುಕಿದಳು.

ಕೈಗಾಡಿ ನೂಕುತ್ತಿದ್ದವಳು ಊರ ಹೊರಗಿನ ಕೇರಿಯ ಒಬ್ಬ ಹೆಂಗಸು. ನಲವತ್ತರ ಹತ್ತಿರದ ವಯಸ್ಸು, ಗಟ್ಟಿ ಮುಂಗೈ, ಹೆಚ್ಚು ಮಾತಿಲ್ಲ. ಓಣಿಯವರು ಆಕೆಯನ್ನು "ಏ ಇವಳ" ಅಂತಲೇ ಕರೆಯುತ್ತಿದ್ದರು. ಏನೆಂದು ಕರೆಯಬೇಕೋ ತಿಳಿಯದೆ ನಾನು ಎರಡು ದಿನ ಏನೂ ಕರೆಯಲಿಲ್ಲ. ಮೂರನೆಯ ದಿನ "ಯಕ್ಕಾ" ಅಂದೆ. ನಾನು ಬೇರೆ ಯಾರನ್ನೋ ಕರೆದೆನೆಂದು ಆಕೆ ಹಿಂದೆ ತಿರುಗಿ ನೋಡಿದಳು. ನನ್ನನ್ನು ಆಕೆ "ಅಕ್ಕಾರ" ಅನ್ನುತ್ತಿದ್ದಳು, ಶಾಲೆಯ ಶಿಕ್ಷಕಿಯರನ್ನು ಕರೆಯುವ ಹಾಗೆ.

ಮೊದಲ ತಗ್ಗು ತುಂಬಿದ ವಾರಕ್ಕೆ ಅದರಿಂದ ಎಂಥ ನಾತ ಎದ್ದಿತೆಂದರೆ, ಕೆರೆಗೆ ನೀರಿಗೆ ಹೋಗುವವರು ಸೆರಗು ಮುಚ್ಚಿಕೊಂಡು ಓಡಲಾರಂಭಿಸಿದರು. ಮುನ್ಸಿಪಾಲ್ಟಿಯ ಮೆಂಬರೊಬ್ಬರು ಬಂದು, ತಗ್ಗು ಮುಚ್ಚಿಸುತ್ತೇನೆಂದು ಕೂಗಾಡಿ ಹೋದರು. ನಾನು ಹಳದಿ ಕಾಗದ ಹಿಡಿದುಕೊಂಡು ತಗ್ಗಿನ ಸುತ್ತ ತಿರುಗಿದೆ. ಅದರಲ್ಲಿ ನಾತದ ವಿಷಯವೇ ಇರಲಿಲ್ಲ. ಗಾಡಿ ನೂಕುವ ಆಕೆ ಒಂದು ಕಬ್ಬಿಣದ ಸಲಾಕಿಯನ್ನು ತಗ್ಗಿನೊಳಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು, ತುದಿಯನ್ನು ಅಂಗೈಯಲ್ಲಿ ಹಿಡಿದು ನೋಡಿದಳು.

"ಬಿಸೀನ ಇಲ್ಲರಿ ಅಕ್ಕಾರ. ಬರೇ ಹಸೀದು ತುಂಬೇವಿ. ಒಣಾದು ಬೇಕು. ಹೊಟ್ಟು, ದಂಟು, ಏನರ."

ನಾನು ಅಲ್ಲಿಂದಲೇ ರೈತರ ಓಣಿಗೆ ಓಡಿದೆ. ಕಾಕಾ ಅದೇ ಕಟ್ಟೆಯ ಮೇಲಿದ್ದರು. "ಕಾಕಾ, ನಿಮ್ಮ ಕಡೆ ಶೇಂಗಾ ಹೊಟ್ಟ ಅದನೇನ್ರಿ? ನಮ್ಮ ತಿಪ್ಪಿ ಕೆಟ್ಟದ" ಅಂದೆ. ಅವರು ಈ ಸಲ ನಗಲಿಲ್ಲ. ಬೈದರು. "ಹಸಿ ಒಂದ ಥರ, ಒಣಾ ಒಂದ ಥರ ಹಾಕಬೇಕು ಅಂಬೂದು ಗೊತ್ತಿಲ್ಲ, ಊರಿಗೆಲ್ಲ ಹೇಳಾಕ ಹೊಂಟೀರಿ?" ಸಂಜೆಯೊಳಗೆ ಒಂದು ಚಕ್ಕಡಿ ಹೊಟ್ಟು ತಗ್ಗಿಗೆ ಬಂದು ಬಿತ್ತು. ನಾಲ್ಕೈದು ದಿನಕ್ಕೆ ಸಲಾಕಿಯ ತುದಿ ಮುಟ್ಟಲಾರದಷ್ಟು ಸುಡತೊಡಗಿತು. ನಾತ ಹೋಯಿತು.

ಆ ದಿನಗಳಲ್ಲಿ ನಾನು ನಡೆಯುತ್ತಿರಲಿಲ್ಲ, ಓಡುತ್ತಿದ್ದೆ. ಮುಂಜಾನೆ ಗಾಡಿ ಬರುವ ಮೊದಲು ಎಲ್ಲ ಮನೆಗಳ ಡಬ್ಬಿ ನೋಡಿಬಿಡಬೇಕೆಂಬ ಅವಸರ. ಅಂಥದೇ ಒಂದು ಮುಂಜಾನೆ ಕಂದೀಲಿನ ಗಾಜು ಒರೆಸುವ ಪಾಳಿ ನನ್ನದಿತ್ತು. ಆ ಗಾಜು ಹಿಂದೆಯೇ ಸೀಳಿತ್ತು. ಹೊಸದು ತರುವ ತನಕ ಇರಲೆಂದು ಅಪ್ಪ ಹಳೆಯ ಉತ್ತರಪತ್ರಿಕೆಯ ಒಂದು ಪಟ್ಟಿ ಹರಿದು, ಹಿಟ್ಟಿನ ಅಂಟಿನಿಂದ ಹಚ್ಚಿದ್ದರು. ಓಣಿಯ ತುದಿಯಲ್ಲಿ ಗಾಡಿಯ ಗಂಟೆ ಕೇಳಿಸಿತು. ನಾನು ಗಡಿಬಿಡಿಯಿಂದ ಎದ್ದೆ. ಗಾಜು ಕೈ ತಪ್ಪಿ ಬಿತ್ತು. ಚೂರುಗಳನ್ನು ಮೊರಕ್ಕೆ ಬಳಿದುಕೊಂಡೆ. ಗಾಜಿನ ಡಬ್ಬಿ ಹಿತ್ತಲಲ್ಲಿತ್ತು. ಮುಸುರಿ ಡಬ್ಬಿ ಕಾಲ ಹತ್ತಿರವೇ ಇತ್ತು.

ಮುಸುರಿ ಡಬ್ಬಿಗೆ ಸುರಿದೆ. ಮೇಲೆ ಬದನೆಕಾಯಿಯ ತೊಟ್ಟು ಬಿದ್ದವು, ಕಾಣದಾಯಿತು. ಅಜ್ಜಿಯ ಮನೆಯ ಮುಂದೆ ನಿಂತು ನಾನು ಗಾಜು ಬೇರೆ ಇಡಬೇಕೆಂದು ಹೇಳುತ್ತಿದ್ದಾಗ ನಮ್ಮ ಮನೆಯ ಡಬ್ಬಿಯನ್ನು ವೈನಿ ಗಾಡಿಗೆ ಸುರಿದಳು.

ತಗ್ಗಿನ ಬಳಿ ಗಾಡಿಯ ಆಕೆ ಕೈಯಿಂದ ಕಸ ಹರವುತ್ತಿದ್ದಳು. ಸಲಿಕೆ ಒಂದೇ ಇತ್ತು, ಅದನ್ನು ಗಟಾರದ ಕೆಲಸಕ್ಕೆ ಒಯ್ದಿದ್ದರು. ಒಮ್ಮೆಲೆ "ಸ್ಸ್" ಅಂದು ಕೈ ಎಳೆದುಕೊಂಡಳು. ನಡುಬೆರಳಿನ ಬುಡದಿಂದ ಅಂಗೈಯವರೆಗೆ ಸೀಳಿತ್ತು. ನಾನು ಸೆರಗು ಹರಿದು ಕಟ್ಟಿದೆ. ಕಟ್ಟುವಾಗ ಕೆಳಗೆ ಬಿದ್ದಿದ್ದ ಚೂರು ಕಣ್ಣಿಗೆ ಬಿತ್ತು. ಮಸಿ ಹಿಡಿದ, ಬಾಗಿದ ಗಾಜು. ಅದಕ್ಕೆ ಅಂಟಿದ್ದ ಕಾಗದದ ಪಟ್ಟಿಯ ಮೇಲೆ ಅಪ್ಪನ ಕೆಂಪು ಶಾಯಿಯ ಗೆರೆ.

"ಯಾರರ ಗಾಜ ಹಾಕ್ಯಾರ" ಅಂದಳು ಆಕೆ.

"ಹೌದು" ಅಂದೆ. ಅಷ್ಟೇ ಅಂದೆ.

ಮರುದಿನ ಆಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಡಬ್ಬಿಗಳು ತುಂಬಿ ಓಣಿಯ ಹೆಂಗಸರು ನನ್ನನ್ನು ಹಿಡಿದು ಕೇಳತೊಡಗಿದರು. ಇನ್ಸ್‌ಪೆಕ್ಟರು ಬೇರೆ ಆಳು ಇಲ್ಲ ಅಂದರು. ನಾನು ಮನೆಗೆ ಬಂದು ಕೂತೆ, ಎದ್ದೆ, ಮತ್ತೆ ಕೂತೆ. ಮೂರನೆಯ ಮುಂಜಾನೆ ಮುನ್ಸಿಪಾಲ್ಟಿಯ ಹಿತ್ತಲಿಗೆ ಹೋಗಿ ಕೈಗಾಡಿ ಹಿಡಿದೆ.

ಅದು ಅಷ್ಟು ಭಾರವೆಂದು ನನಗೆ ಗೊತ್ತಿರಲಿಲ್ಲ. ಒಂದು ಗಾಲಿ ಎಡಕ್ಕೆ ಎಳೆಯುತ್ತಿತ್ತು. ನಮ್ಮ ಓಣಿಗೆ ತಿರುಗಿದಾಗ ಬಾಗಿಲುಗಳಲ್ಲಿ ಮುಖ ಕಾಣಿಸಿಕೊಂಡವು. ಯಾರೋ "ಅಯ್ಯ ನಮ್ಮವ್ವ!" ಅಂದರು. ಅಜ್ಜಿ ಹೊಸ್ತಿಲು ದಾಟಿ ಹೊರಗೇ ಬಂದುಬಿಟ್ಟರು. "ಬಿಡ ಅದನ್ನ. ಹೆಡ್‌ಮಾಸ್ತರ ಮಗಳು ನೀನು. ನಾಳೆ ಯಾರು ಮಾಡ್ಕೋತಾರ ನಿನ್ನ?" ನಾನು ಗಂಟೆ ಬಾರಿಸಿದೆ.

ಮನೆಗೆ ಹೋದಾಗ ವೈನಿ ಹಿತ್ತಲ ಬಾಗಿಲಲ್ಲಿ ಬಿಸಿನೀರು ಇಟ್ಟುಕೊಂಡು ನಿಂತಿದ್ದಳು. "ಮೊದಲ ತಲಿಮ್ಯಾಲೆ ನೀರು ಹಾಕ್ಕೋ. ಒಳಗ ಬರಬ್ಯಾಡ" ಅಂದಳು. ಅಪ್ಪ ರೇಡಿಯೋ ಬಂದ್ ಮಾಡಿದ್ದರು.

ಗಾಡಿಯ ಆಕೆ ಮರಳುವ ತನಕ ನಾನೇ ನೂಕಿದೆ. ಆ ದಿನಗಳಲ್ಲಿ ಡಬ್ಬಿಗಳು ಹೇಗಿದ್ದವೆಂದರೆ ಕನ್ನಡಿಯ ಹಾಗೆ. ಸಿಪ್ಪೆಯಲ್ಲಿ ಒಂದು ಮುರುಕು ಬಳೆ ಇಲ್ಲ. ಒಂದು ಮನೆಯವರು ಮುಸುರಿಯನ್ನು ಬಾಳೆಎಲೆಯಲ್ಲಿ ಸುತ್ತಿ ಕೊಟ್ಟರು. "ನಿನ್ನ ಕೈಗೆ ಹತ್ತಬಾರದಂತ" ಅಂದರು ಆ ಮನೆಯ ಸೊಸೆ. ನನ್ನ ಭಾಷಣ ಕೊನೆಗೂ ತಲೆಗೆ ಹೋಯಿತೆಂದು ಮೊದಲೆರಡು ದಿನ ಹಿಗ್ಗಿದೆ. ಆಮೇಲೆ ಆ ಸೊಸೆಯ ಮಾತು ಒಳಗೆ ಕೊರೆಯಲು ಶುರುವಾಯಿತು.

ಕೈ ಕೊಯ್ದ ಹತ್ತನೆಯ ದಿನ ಕೇರಿಗೆ ಹೋದೆ. ಆಕೆ ಗುಡಿಸಲ ಮುಂದೆ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದಳು. ಕೈ ಊದಿ ಬೆರಳುಗಳು ಒಂದಕ್ಕೊಂದು ಹತ್ತಿಕೊಂಡಿದ್ದವು. ಸರಕಾರಿ ದವಾಖಾನೆಯಲ್ಲಿ ದಿನಾ ಇಂಜೆಕ್ಷನ್ ಕೊಡುತ್ತಿದ್ದರು. ಈಗ ಇಳಿಯುತ್ತಿದೆ ಅಂದಳು. ಆಮೇಲೆ ಬೇರೆ ಸುದ್ದಿ ಹೇಳಿದಳು.

"ಹಾಜರಿ ಪಟ್ಟಿಯಿಂದ ಹೆಸರ ತಗೀತಾರಂತ್ರಿ. ಕೆಲಸದಾಗ ಕೊಯ್ಕೊಂಡೆ ಅಂದ್ರ, ಅದಕ್ಕ ಸಾಕ್ಷಿ ಏನು, ಮನ್ಯಾಗ ಕುಡಗೋಲ ಹತ್ತಿರಬೇಕು ಅಂದ್ರು."

"ನಾ ನೋಡೇನಲ್ಲ, ನಾ ಹೇಳ್ತೀನಿ."

"ಹೇಳ್ರಿ. ಆದ್ರ ಕಸದಾಗ ಗಾಜ ಎಲ್ಲಿಂದ ಬಂತು ಅಂತ ಕೇಳ್ತಾರ. ಎಲ್ಲಾ ಮನ್ಯಾಗೂ ಬ್ಯಾರೆ ಇಡಸೇವಿ ಅಂತ ಮ್ಯಾಲೆ ಬರದ ಕಳಿಸ್ಯಾರಂತ."

ನೆಲ ನೋಡುತ್ತ ಹೇಳಿದೆ. "ಯಕ್ಕಾ, ಆ ಗಾಜು ನಮ್ಮ ಮನೀದು. ನಾನ ಒಡದಿದ್ದೆ. ಅವಸರದಾಗ ಮುಸುರಿ ಡಬ್ಬಿಗೆ ಹಾಕಿದೆ."

ಆಕೆ ಕೈಯ ಮೇಲೆ ಕೂತ ನೊಣ ಹೊಡೆದಳು.

"ಗೊತ್ತೈತ್ರಿ. ಕೆಂಪ ಶಾಯಿ ಕಾಗದ ಇನ್ನ್ಯಾರ ಮನ್ಯಾಗ ಇರತೈತಿ?"

"ಮತ್ತ ಅವತ್ತ ಯಾಕ ಅನ್ನಲಿಲ್ಲ?"

"ನಾ ಅಂದ್ರ ಏನಾಗತಿತ್ತು? ನನ್ನ ಮಾತ ಯಾರು ಕೇಳ್ತಾರ? ನೀವ ಅಂತೀರೇನೋ ಅಂತ ದಾರಿ ನೋಡಿದೆ. ಹತ್ತ ದಿನ ಹಿಡೀತು."

ಇದನ್ನು ಸಿಟ್ಟಿನಿಂದ ಹೇಳಿದ್ದರೆ ನಾನು ಕಾಲು ಹಿಡಿದು ಅಳುತ್ತಿದ್ದೆನೇನೋ. ಆಕೆ ಸಾದಾ ದನಿಯಲ್ಲಿ ಹೇಳಿದಳು. ನಾನು ಎದ್ದು ಬಂದೆ.

ಮನೆಗೆ ಬಂದವಳೇ ಅಪ್ಪನ ಮೇಜಿನ ಮುಂದೆ ಕೂತು ಅರ್ಜಿ ಬರೆದೆ. ಗಾಯ ಕೆಲಸದಲ್ಲಿ ಆಗಿದ್ದು, ನಾನು ಎದುರಿಗೇ ಇದ್ದೆ, ಗಾಜು ನಮ್ಮ ಮನೆಯದು, ಹಾಕಿದವಳು ನಾನು. ಅಪ್ಪ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು.

ವೈನಿ ಒಳಗಿಂದಲೇ ಅಂದಳು: "ಊರ ಮಂದಿಗೆ ಬುದ್ಧಿ ಹೇಳಾಕಿ ಮನ್ಯಾಗಿಂದನ ಗಾಜು ಬಂತು ಅಂತ ಡಂಗುರಾ ಹೊಡಸ್ತಾಳೇನು? ಕೆಲಸದಾಗ ಆತು ಅಂತಷ್ಟ ಬರದ್ರ ಸಾಲದೇನು?"

"ಸಾಲೂದಿಲ್ಲ ವೈನಿ, ನಂಬೂದಿಲ್ಲ ಅವರು."

ಅಪ್ಪ ಕೆಂಪು ಶಾಯಿಯ ಪೆನ್ನು ತೆಗೆದು ಒಂದು ಕಾಗುಣಿತದ ತಪ್ಪು ತಿದ್ದಿದರು. "ಸ್ವಚ್ಛ ಬರದು ಕೊಡು" ಅಂದರು. ಇಡೀ ಆ ಸಂಗತಿಯಲ್ಲಿ ಅವರು ನನಗೆ ಹೇಳಿದ್ದು ಅದೊಂದೇ ಮಾತು.

ಇನ್ಸ್‌ಪೆಕ್ಟರು ಅರ್ಜಿ ನೋಡಿ ತಲೆ ಹಿಡಿದುಕೊಂಡರು. "ಸುಮ್ನ ಯಾಕ ಮೈಮ್ಯಾಲ ಹಾಕ್ಕೋತೀರಿ? ಸ್ಕೀಮಿಗೆ ಕೆಟ್ಟ ಹೆಸರು ಬರತೈತಿ." ನಾನು ಅವರ ಮೇಜಿನ ಮುಂದೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ ನಿಂತೇ ಇದ್ದೆ. ಮಧ್ಯಾಹ್ನದ ಊಟಕ್ಕೆ ಏಳಬೇಕಾದಾಗ, ನನ್ನನ್ನು ದಾಟಿ ಹೋಗಲಾಗದೆ, ಅರ್ಜಿ ತೆಗೆದುಕೊಂಡು ಅಧ್ಯಕ್ಷರ ಕೋಣೆಗೆ ಹೋದರು. ಒಳಗೆ ಜೋರು ಜೋರು ಮಾತು ಕೇಳಿಸಿತು, ಒಮ್ಮೆ ನಗೆಯೂ ಕೇಳಿಸಿತು. ಹೊರಗೆ ಬಂದು, "ಆತು. ಹೆಸರು ಇರತೈತಿ" ಅಂದರು. ನನ್ನ ಮುಖ ನೋಡಲಿಲ್ಲ.

ಸಂಜೆಗೆ ಸುದ್ದಿ ಮೂರೂ ಓಣಿ ಸುತ್ತಿತ್ತು. ಮುಂದೆ ಬಹಳ ದಿನ ನಾನು ಡಬ್ಬಿ ನೋಡಲು ಹೋದರೆ, "ನಿಮ್ಮ ಮನೀದು ಮೊದಲ ನೋಡ್ಕೊಂಡ ಬಂದೀಯಿಲ್ಲೋ?" ಅಂತ ಕೇಳುತ್ತಿದ್ದರು. ಕೇಳುವ ಹಕ್ಕು ಅವರಿಗಿತ್ತು. ನೋಡಿಯೇ ಬಂದಿರುತ್ತಿದ್ದೆ.

ಗಾಯವಾದ ಇಪ್ಪತ್ತು ದಿನದ ಮೇಲೆ ಆಕೆ ಗಾಡಿಗೆ ಮರಳಿದಳು. ನಡುಬೆರಳು ಮಡಚುತ್ತಿರಲಿಲ್ಲ. ಆಕೆ ಬಂದ ಮೊದಲ ವಾರದಲ್ಲೇ ಡಬ್ಬಿಗಳು ಹಳೆಯ ಹಾಗಾದವು. ಮುಸುರಿಯಲ್ಲಿ ಬಳೆ, ಸಿಪ್ಪೆಯಲ್ಲಿ ಬ್ಲೇಡು. ನಾನು ಓಣಿಯ ನಡುವೆ ನಿಂತು ಕೂಗಾಡಿದೆ. ಇದೇ ಮನೆಗಳು ನನಗೆ ಬಾಳೆಎಲೆಯಲ್ಲಿ ಸುತ್ತಿ ಕೊಟ್ಟಿದ್ದವಲ್ಲ! ಬಾಗಿಲುಗಳು ಒಂದೊಂದಾಗಿ ಮುಚ್ಚಿದವು.

"ಒದರಬ್ಯಾಡ್ರಿ ಅಕ್ಕಾರ" ಅಂದಳು ಆಕೆ. "ಅದು ನಿಮ್ಮ ಕೈ, ಇದು ನನ್ನ ಕೈ. ಇಷ್ಟ ಅದು."

ಮರುದಿನ ಆಕೆ ಒಂದು ಹಳೆಯ ಗೋಣಿತಟ್ಟು ಮತ್ತು ಕೊಕ್ಕೆ ಬಗ್ಗಿಸಿದ ತಂತಿ ತಂದಳು. ಮೊದಲ ಮನೆಯ ಡಬ್ಬಿ ಇಸಿದುಕೊಂಡು, ಗಾಡಿಗೆ ಸುರಿಯದೆ, ಅದೇ ಮನೆಯ ಬಾಗಿಲ ಮುಂದೆ ರಂಗೋಲಿಯ ಪಕ್ಕಕ್ಕೆ ತಟ್ಟು ಹಾಸಿ ಅದರ ಮೇಲೆ ಸುರಿದಳು. ಕುಕ್ಕರುಗಾಲಿನಲ್ಲಿ ಕೂತು ಕೊಕ್ಕೆಯಿಂದ ಒಂದೊಂದನ್ನೇ ಎಳೆದು ನೋಡತೊಡಗಿದಳು. ಅವಸರವೇ ಇಲ್ಲ. ಮನೆಯವರು ಬಂದು "ಏನ ಹಚ್ಚೀ ಇದು? ಬಾಗಲ ಮುಂದ ಹೊಲಸ!" ಅಂದರು.

"ನಿಮ್ಮದ ಅದರಿ" ಅಂದಳು. "ಕೈ ಕೊಯ್ಯೂದು ಏನೈತಿ ನೋಡಿ ಒಯ್ತೀನಿ. ಬೆರಳ ಇನ್ನ ಒಂಬತ್ತ ಉಳದಾವ."

ಎಲ್ಲ ಮನೆಗಳ ಮುಂದೆಯೂ ಹಾಗೇ ಮಾಡಿದಳು. ನಾನು ಮೂರು ತಿಂಗಳು ಕರಪತ್ರ ಓದಿ ಮಾಡಲಾಗದ್ದು ಐದು ದಿನದಲ್ಲಿ ಆಯಿತು. ಬಾಗಿಲ ಮುಂದೆ ತಮ್ಮದೇ ಮುಸುರಿ ಹರವಿಕೊಂಡು ಬಿದ್ದಿರುವುದನ್ನು ಬಂದ ಬೀಗರು ನೋಡುವುದು ಯಾರಿಗೂ ಬೇಡವಾಗಿತ್ತು. ಅಜ್ಜಿಯ ಡಬ್ಬಿ ಎಲ್ಲಕ್ಕಿಂತ ಮೊದಲು ಸ್ವಚ್ಛವಾಯಿತು. ನನ್ನ ಕೆಲಸ ಆಮೇಲೆ ಏನಿತ್ತೋ ನನಗೇ ತಿಳಿಯದು. ಗಾಡಿಯ ಹಿಂದೆ ಹೋಗುತ್ತಿದ್ದೆ, ಏರಿನಲ್ಲಿ ನೂಕುತ್ತಿದ್ದೆ.

ಬೇಸಗೆಗೆ ಮೊದಲ ತಗ್ಗು ತೆರೆದೆವು. ಕಪ್ಪು, ಹಗುರ, ಹಿಡಿಯಲ್ಲಿ ಹಿಡಿದರೆ ಉದುರುವಂಥ ಗೊಬ್ಬರ. ಕಾಕಾ ಚಕ್ಕಡಿ ಕಟ್ಟಿಕೊಂಡು ಬಂದು, ಒಂದು ಹಿಡಿ ಮೂಸಿ, ಬೆರಳಿನಿಂದ ತಿಕ್ಕಿ, ಆಕೆಯನ್ನು ಕೇಳಿದರು: "ಗಾಜ ಇಲ್ಲಲಾ? ನಮ್ಮವು ಬರಿಗಾಲ ಮಂದಿ." ಆಕೆ "ನಾ ಆರಿಸೇನ್ರಿ" ಅಂದಳು. ಅವರು ಮತ್ತೇನೂ ಕೇಳದೆ ತುಂಬಿಕೊಂಡರು.

ಯೋಜನೆ ಮುಂದೆ ಬಹಳ ದಿನ ನಡೆಯಲಿಲ್ಲ. ಇನ್ಸ್‌ಪೆಕ್ಟರಿಗೆ ವರ್ಗವಾಯಿತು, ಹೊಸಬರಿಗೆ ಅದರಲ್ಲಿ ಮನಸ್ಸಿರಲಿಲ್ಲ. ನನ್ನ ಆರು ತಿಂಗಳು ಮುಗಿದವು. ಎರಡನೆಯ ಸಲ ಕೂತು ಪರೀಕ್ಷೆ ಪಾಸಾದೆ, ಶಿಕ್ಷಕಿಯರ ತರಬೇತಿಗೆ ಧಾರವಾಡ ಸೇರಿದೆ. ರಜೆಗೆ ಬಂದಾಗ ನೋಡಿದರೆ ತಗ್ಗುಗಳಲ್ಲಿ ಎಲ್ಲವೂ ಬೆರೆತು ಬಿದ್ದಿತ್ತು. ಸಂತೆಯ ಕಸ, ತಗಡು, ಚಪ್ಪಲಿ. ದಂಡೆಯ ಮೇಲೆ ನಿಲ್ಲಲಾಗದೆ ಕೇರಿಯ ಕಡೆ ನಡೆದೆ.

ಆಕೆಯನ್ನು ಆಗ ಸಂತೆ ಬಯಲು ಗುಡಿಸುವ ಕೆಲಸಕ್ಕೆ ಹಾಕಿದ್ದರು. ಗುಡಿಸಲ ಮೇಲೆ ಅವರೆಬಳ್ಳಿ ಹಬ್ಬಿ ಸೂರು ಕಾಣದಷ್ಟು ಕಾಯಿ ಬಿಟ್ಟಿತ್ತು. ಕೊನೆಯ ತಗ್ಗಿನ ಗೊಬ್ಬರ ಎರಡು ಬುಟ್ಟಿ ತಂದು ಹಾಕಿದ್ದಳಂತೆ. ಮಡಚದ ಬೆರಳನ್ನು ಹೊರಗೆ ಚಾಚಿಕೊಂಡೇ ಸರಸರ ಕಾಯಿ ಹರಿದು ನನ್ನ ಉಡಿಗೆ ಹಾಕಿದಳು. ಕೊಡುವಾಗ ಒಂದು ಕ್ಷಣ ತಡೆದು ಕೇಳಿದಳು.

"ನಿಮ್ಮ ಮನ್ಯಾಗ ತಿಂತಾರೇನ್ರಿ?"

"ನಾ ತಿಂತೀನಿ" ಅಂದೆ. ಉಳಿದವರ ಪರವಾಗಿ ಹೇಳಲು ಧೈರ್ಯವಾಗಲಿಲ್ಲ.

ಕಾಯಿ ಎಲ್ಲಿಯದೆಂದು ವೈನಿಗೆ ಮುಚ್ಚಿಡಲಿಲ್ಲ. ವೈನಿ ನನ್ನ ಕಡೆಗೊಮ್ಮೆ, ಉಡಿಯ ಕಡೆಗೊಮ್ಮೆ ನೋಡಿದಳು. ಕಾಯಿಗಳನ್ನು ತೊಳೆದಳು. ನೀರು ಚೆಲ್ಲಿ ಎರಡನೆಯ ಸಲ ತೊಳೆದಳು. ಆಮೇಲೆ ಒಗ್ಗರಣೆ ಹಾಕಿ ಪಲ್ಯ ಮಾಡಿದಳು. ಅಪ್ಪ ಎರಡು ಸಲ ಹಾಕಿಸಿಕೊಂಡು ಉಂಡರು. ವೈನಿ ತನ್ನ ತಾಟಿಗೆ ಹಾಕಿಕೊಳ್ಳಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು. ರಜೆ ಇನ್ನೂ ನಾಲ್ಕು ದಿನ ಉಳಿದಿತ್ತು, ಆದರೆ ಆ ಮನೆಯಲ್ಲಿ ಮತ್ತೆ ಕಾಲು ನಿಲ್ಲದೆ, ಮರುದಿನ ಮುಂಜಾನೆಯ ಬಸ್ಸಿಗೇ ಧಾರವಾಡಕ್ಕೆ ಹೊರಟುಬಿಟ್ಟೆ.